ಸಣ್ಣ ಲಿವರಿನ ಮ್ಯಾಲ ಅಪ್ಪನ ಅಂಗೈ

ಲೇಡೀಸ್ ಹಾಸ್ಟೆಲ್, ಬಾಗಲಕೋಟೆ
22 ಸೆಪ್ಟೆಂಬರ್ 2024, ಐತವಾರ

ತೀರ್ಥರೂಪ ಅಪ್ಪನವರ ಪಾದಕ್ಕೆ ಪ್ರಿಯದರ್ಶಿನಿಯ ನಮಸ್ಕಾರ.

ಇಲ್ಲಿ ನಾನು ಆರಾಮ ಅಂತ ಬರೀಬೇಕು, ಬರದೇನಿ. ಅರ್ಧ ಖರೆ.

ಫೋನ್ ಇರೂ ಮುಂದ ಪತ್ರ ಯಾಕ ಅಂತ ಕೇಳಬಹುದು. ಫೋನ್ ಹಚ್ಚಿದಾಗೆಲ್ಲ ನೀವು "ಹ್ಞಾಂ, ಆರಾಮ, ಹ್ಞಾಂ, ತಗೋ ನಿಮ್ಮವ್ವನ ಕೂಡ ಮಾತಾಡು" ಅಂತೀರಿ. ನಿಮ್ಮ ಕೂಡ ಮಾತಾಡಿ ಎಷ್ಟು ದಿನ ಆತು! ಅದಕ್ಕ ಬಾದಾಮಿ ಸಾಲ್ಯಾಗ ವಾರ್ಡನ್ ಮೇಡಂ ಪ್ರತಿ ಐತವಾರ ಬೆನ್ನ ಹಿಂದ ನಿಂತು ಬರಸ್ತಿದ್ದರಲ್ಲ, ಹಂಗ ಮತ್ತ ಶುರು ಮಾಡೇನಿ. ನನ್ನ ರೂಮಿನಾಕಿ ಶಿರೂರಿನ ಐಶ್ವರ್ಯ ನೋಡಿ ನಕ್ಕಳು. "ಯಾವ ಜಮಾನಾದಾಕಿ ಲೇ ನೀ, ಪಾರಿವಾಳ ಎಲ್ಲೈತಿ?" ಅಂದಳು.

ಮೆಕ್ಯಾನಿಕಲ್ ಬ್ರಾಂಚಿನಾಗ ಹುಡುಗ್ಯಾರು ಒಂದು ಬೆಂಚ್ ತುಂಬೂವಷ್ಟ. ವರ್ಕ್‌ಶಾಪಿನಾಗ ಕಬ್ಬಿಣದ ತುಂಡಿಗೆ ಅರ ಹಾಕಿ ಹಾಕಿ ಅಂಗೈ ಬೊಬ್ಬಿ ಬಂದಾವ. ಕ್ಲಾಸಿನ್ಯಾಗ ಸರ್ ನನ್ನ ಕಡೆ ನೋಡಿದ್ರ ಸಾಕು, ಗೊತ್ತಿದ್ದದ್ದೂ ಮರೀತೇನಿ. ಫಸ್ಟ್ ಇಂಟರ್ನಲ್ಸ್ ಹತ್ತಿರ ಬಂದಾವ, ಭಾಳ ಟೆನ್ಶನ್.

ಇದಕ್ಕಿಂತ ದೊಡ್ಡ ಟೆನ್ಶನ್ ಅವ್ವ ಕೊಟ್ಟಳು. ನಮ್ಮ ಹಳೇ ಜೀಪು ಊರ ಮಂದಿ ಹೊಳ್ಳಿ ನೋಡೂವಂಗ ಸದ್ದು ಮಾಡ್ತದಂತ, ದೀಪಾವಳಿ ಪಾಡ್ಯಾ ಆದ ಮ್ಯಾಲ ರಾಜೇಶ ಕಾಕಾ ಅದನ್ನ ಗುಜರಿಗೆ ಹಾಕ್ತಾನಂತ. ಖರೆನ?

ಅಪ್ಪಾ, ಸಾಲ್ಯಾಗ ರಜಾ ಬಿಡೂ ಶನಿವಾರ ಮಧ್ಯಾಹ್ನ ನಾವೆಲ್ಲ ವರಾಂಡದಾಗ ಕುಂತಿರ್ತಿದ್ದಿವಿ. ನೀವು ಅಮೀನಗಡದಾಗ ಹೊಳ್ಳಿ, ಶಿವಯೋಗ ಮಂದಿರದ ಹಾದಿ ಹಿಡಿದು ಬರ್ತಿದ್ದಿರಿ. ಜೀಪು ಇನ್ನೂ ಕಾಣಸ್ತಿದ್ದಿಲ್ಲ. ದೂರ ದಿನ್ನಿ ಏರೂ ಮುಂದ ಅದು "ಹುಂಯ್" ಅಂತ ರಾಗ ಎಳೀತಿತ್ತು. ನಾ ಚೀಲ ಹೆಗಲಿಗೆ ಹಾಕ್ಕೊಂಡು ಎದ್ದು ನಿಂದ್ರುತಿದ್ದೆ, "ನಮ್ಮಪ್ಪ ಬಂದ." ಉಳಿದ ಹುಡುಗ್ಯಾರಿಗೆ ಅವರಪ್ಪಂದಿರು ಗೇಟಿಗೆ ಬಂದ ಮ್ಯಾಲ ಗೊತ್ತಾಗ್ತಿತ್ತು. ನನಗ ಮಾತ್ರ ದಿನ್ನಿ ಆಚೆಯಿಂದ.

ಆ ಜೀಪು ಗುಜರಿಗೆ ಹೋಗಬಾರದು. ಈಗ ಎಂಥಾ ಸದ್ದು ಬರ್ತದ, ಬಿಡಿಸಿ ಬರೀರಿ.

ನಿಮ್ಮ ಮಗಳು,
ಪ್ರಿಯದರ್ಶಿನಿ


ಇಳಕಲ್
28 ಸೆಪ್ಟೆಂಬರ್

ಚಿ. ಪ್ರಿಯದರ್ಶಿನಿಗೆ ಅಪ್ಪನ ಆಶೀರ್ವಾದ.

ಪತ್ರ ಮುಟ್ಟಿತು. ಮನ್ಯಾಗ "ಅಪ್ಪಾ ನೀ ಬಾ, ನೀ ಹೋಗು" ಅಂತಿ, ಪತ್ರದಾಗ "ನೀವು" ಅಂದಿ. ಯಾವ ಸಾಹೇಬರಿಗೆ ಬರದಾಳ ಅಂತ ಪಾಕೀಟಿನ ಮ್ಯಾಗಿನ ಹೆಸರ ಮತ್ತೊಮ್ಮೆ ನೋಡಿದೆ. ನಂದ ಇತ್ತು.

ಗುಜರಿ ಮಾತು ಖರೆ. ನಿಮ್ಮವ್ವಂದೂ ರಾಜೇಶಂದೂ ಒಂದ ರಾಗ. ಪಾಡ್ಯಾದೊಳಗ ಸದ್ದು ಹೋದ್ರ ಜೀಪು ಇರತೈತಿ, ಹೋಗದಿದ್ರ ಜೀಪು ಹೋಗತೈತಿ. ನೀರಾವರಿಯವರ ಹರಾಜಿನ್ಯಾಗ ತಂದಾಗ ನೀ ತೊಟ್ಟಿಲದಾಗಿದ್ದಿ. ಮಗ್ಗದ ಹಾಸಿನ ನೂಲು ಸುತ್ತಿದ ಬೀಮು ಹೇರಿಕೊಂಡು ಎರಿ ಹೊಲದ ಹಾದ್ಯಾಗ ನೇಕಾರರ ಮನಿ ಮುಟ್ಟಿಸೂದು ಬ್ಯಾರೆ ಗಾಡಿಗೆ ಆಗಂಗಿಲ್ಲ. ಹಳ್ಳದಾಗ ಸಣ್ಣ ಲಿವರ್ ಎಳದ್ರ ನಾಕೂ ಗಾಲಿ ಎದ್ದು ಬರತಾವ. ಟೆಂಪೋ ಬರತೈತೇನು?

ಹುನಗುಂದದ ಗ್ಯಾರೇಜಿನ ಅಬ್ದುಲಸಾಬ ಬಂದು ನೋಡಿದ. "ಹುಚ್ಚಪ್ಪಣ್ಣ, ಹಿಂದಿನ ಎಕ್ಸೆಲ್ ಇರಬೇಕು, ಇಲ್ಲಾ ಗೇರ್‌ಬಾಕ್ಸ್, ಇಲ್ಲಾ ಅದರ ಬೆನ್ನಿಗಿರೂ ಟ್ರಾನ್ಸ್‌ಫರ್ ಕೇಸ್. ಮೂರೂ ಬಿಚ್ಚಲ್ಯಾ?" ಅಂದ. ಬ್ಯಾಡ ಅಂದೆ. ಹೊಟ್ಟಿನೋವಿಗೆ ತಲಿ ಕೊಯ್ಯಬಾರದು.

ನೀ ಮೆಕ್ಯಾನಿಕಲ್ ಓದಾಕಿ. ಎಂಥಾ ಸದ್ದು ಬಂದ್ರ ಎಲ್ಲಿ ರೋಗ, ಬಿಚ್ಚಲಾರದ ಹೆಂಗ ಕಂಡ ಹಿಡಿಯೂದು, ತಿಳದು ಬರಿ.

ಅಂಗೈಗೆ ಕೊಬ್ಬರಿ ಎಣ್ಣಿ ಹಚ್ಚು.

ನಿಮ್ಮಪ್ಪ,
ಹುಚ್ಚಪ್ಪ


ಬಾಗಲಕೋಟೆ
6 ಅಕ್ಟೋಬರ್

ತೀರ್ಥರೂಪ ಅಪ್ಪಗ ನಮಸ್ಕಾರ.

ನೀವು ಜೀಪಿನ ನೆವ ಮಾಡಿ ನನ್ನ ವೈವಾ ತಗೋಳಾಕತ್ತೀರಿ ಅಂತ ಗೊತ್ತಾತು. ಎರಡು ದಿನ ಪತ್ರ ಬರಿಯಾಕ ಹೆದರಿದೆ. ಕಡೀಕ ಲೈಬ್ರರಿಗೆ ಹೋದೆ, ವರ್ಕ್‌ಶಾಪ್ ಸರ್‌ಗೂ ಕೇಳಿದೆ. "ಅಷ್ಟು ಹಳೇ ಜೀಪು ಇನ್ನೂ ಓಡ್ತದೇನವಾ?" ಅಂದ್ರು. ಓಡ್ತದ, ಸದ್ದು ಮಾಡ್ಕೋತ ಓಡ್ತದ ಅಂದೆ.

ಹಿಂಗ ಮಾಡ್ರಿ. ಅಮೀನಗಡದ ಕಡೆ ನೆಟ್ಟಗ ಹಾದಿ ಸಿಕ್ಕಾಗ ಗಾಡಿ ಓಡೂ ಮುಂದನ ಕ್ಲಚ್ ಒತ್ತಿ ಗೇರ್ ನ್ಯೂಟ್ರಲ್‌ಗೆ ತಗೀರಿ. ಸದ್ದು ನಿಂತ್ರ ರೋಗ ಎಂಜಿನ್‌ದಾಗ, ಇಲ್ಲಾ ಗೇರ್‌ಬಾಕ್ಸಿನ್ಯಾಗ. ನಿಲ್ಲದಿದ್ರ ಅವೆರಡರ ಹಿಂದಿಂದು, ಅಂದ್ರ ಮುಂದಿನ ಹಿಂದಿನ ಗಾಲಿಗೆ ಎಂಜಿನ್ ಶಕ್ತಿ ಹಂಚೂ ಟ್ರಾನ್ಸ್‌ಫರ್ ಕೇಸ್, ಇಲ್ಲಾ ಎಕ್ಸೆಲ್.

ಆಮ್ಯಾಲ ಮನಿ ಮುಂದ ಗಾಡಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡ್ರಿ. ಸಣ್ಣ ಲಿವರ್ ನ್ಯೂಟ್ರಲ್‌ದಾಗ ಇಟ್ಟು, ದೊಡ್ಡ ಲಿವರಿನ ಗೇರ್ ಹಾಕಿ ಕ್ಲಚ್ ಬಿಡ್ರಿ. ಗಾಡಿ ಕದಲೂದಿಲ್ಲ, ಎಕ್ಸೆಲ್ ತಿರಗೂದಿಲ್ಲ, ಕೇಸಿನೊಳಗಿನ ನಡಕಿನ ಗೇರ್ ಮಾತ್ರ ತಿರಗ್ತದ. ಆಗ್ಲೂ ಅದ ಸದ್ದು ಬಂದ್ರ ಎಕ್ಸೆಲ್ ಪಾಪದ್ದು, ಅದನ್ನ ಬಿಡ್ರಿ.

ಎಣ್ಣಿನೂ ನೋಡ್ರಿ. ಎಲ್ಲಕ್ಕಿಂತ ಮುಖ್ಯ, ಸದ್ದು ಎಂಥಾದ್ದು? ಕುಂಯ್ ಅಂತದೋ, ಗರಗರ ಅಂತದೋ, ಕಟಕಟ ಅಂತದೋ? ಒಂದೊಂದಕ್ಕ ಒಂದೊಂದು ಅರ್ಥ ಅದ.

ತಪ್ಪಿದ್ರ ನಗಬ್ಯಾಡ್ರಿ.

ಪ್ರಿಯದರ್ಶಿನಿ


ಇಳಕಲ್
14 ಅಕ್ಟೋಬರ್

ಚಿ. ಪ್ರಿಯದರ್ಶಿನಿಗೆ,

ಪಾಕೀಟಿನ್ಯಾಗ ಬನ್ನಿ ಎಲಿ ಇಟ್ಟೇನಿ. ಬಂಗಾರದಂಗ ಇರು.

ನಗಲಿಲ್ಲ. ನೀ ಹೇಳಿದಂಗ ಎಲ್ಲಾ ಮಾಡಿದೆ. ಹುನಗುಂದ ದಾಟಿದ ಮ್ಯಾಲ ಓಡೂ ಗಾಡಿ ನ್ಯೂಟ್ರಲ್‌ಗೆ ತಗದೆ. ಸಣ್ಣ ಲಿವರ್ ಮ್ಯಾಲ ಅಂಗೈ ಇಟ್ಟಿದ್ದೆ. ಬೀಸುಕಲ್ಲಿನ ಗೂಟ ಹಿಡದಂಗ ಇತ್ತು, ನಿಲ್ಲಲಿಲ್ಲ. ಮನಿ ಮುಂದ ಕಲ್ಲು ಕೊಟ್ಟು ಮಾಡಿದಾಗ್ಲೂ ಲಿವರ್ ಜುಂ ಅಂತು, ಮೊಣಕೈತನಕ ಏರಿತು. ದೊಡ್ಡ ಗೇರಿನ ಲಿವರ್ ಮಾತ್ರ ತಣ್ಣಗ ಇತ್ತು. ಆಕ್ಸಿಲರೇಟರ್ ಒತ್ತಿದ್ರ ಗೋಧಿ ಬೀಸಿದಂಗ ಸಣ್ಣಗ, ಕಾಲು ತಗದ್ರ ಜೋಳ ಒಡದಂಗ ಬಿರುಸ.

ಎಣ್ಣಿ ತುಂಬ ಐತಿ. ರಾಜೇಶ ಯುಗಾದಿಗೆ ಹೊಸಾದು ತುಂಬ್ಯಾನ.

ಸದ್ದು ಎಂಥಾದ್ದು ಅಂತ ಕೇಳೀದಿ. ಮ್ಯಾಲ ಬರದೇನಲ್ಲ.

ಒಂದು ಮಾತು. ನೀ ಬರದದ್ದು ಓದಿ ಈ ಕೇಸ್ ಏನು ಅಂತ ನನಗ ಪೂರಾ ತಿಳೀತು. ನಮ್ಮ ಸೀರಿ ಒಡಲಿನ ಎಳಿಗೂ ಸೆರಗಿನ ಎಳಿಗೂ ಕೊಂಡಿ ಹಾಕಿ ತೋಪ ತೆನಿ ಕೂಡಸ್ತೇವಿ. ಇದು ಜೀಪಿನ ತೋಪ ತೆನಿ. ಮುಂದಿನ ಗಾಲಿ, ಹಿಂದಿನ ಗಾಲಿ ಅಲ್ಲೇ ಕೂಡೂದು. ಅಲ್ಲಿ ಸಡಲಾದ್ರ ಸೀರಿ ಎಷ್ಟು ಚಂದ ಇದ್ರೂ ಹೋತು.

ನಿಮ್ಮಪ್ಪ


ಬಾಗಲಕೋಟೆ
20 ಅಕ್ಟೋಬರ್

ಅಪ್ಪಾ,

ನಾ ಕೇಳಿದ್ದು ಸದ್ದು, ನೀವು ಬರದದ್ದು ಅಂಗೈ. ಬೀಸುಕಲ್ಲು, ಗೋಧಿ, ಜೋಳ! ಇಂಟರ್ನಲ್ಸ್‌ದಾಗ ಹಿಂಗ ಬರದ್ರ ಸರ್ ಸೊನ್ನಿ ಕೊಡ್ತಾರ. ನನಗ ಇಪ್ಪತ್ತೈದಕ್ಕ ಒಂಬತ್ತು ಬಿದ್ದಾವ, ಅದು ಬ್ಯಾರೆ ಮಾತು, ಅವ್ವಗ ಹೇಳಬ್ಯಾಡ್ರಿ.

ಕೇಳಿದ ಪ್ರಶ್ನಿಗೆ ಉತ್ತರ ಕೊಡ್ರಿ. ಕುಂಯ್, ಗರಗರ, ಕಟಕಟ, ಯಾವುದು? ಇಲ್ಲದಿದ್ರ ದೀಪಾವಳಿಗೆ ನಾನ ಬಂದು ಕೇಳ್ತೇನಿ.

ಪ್ರಿಯದರ್ಶಿನಿ


ಬಾಗಲಕೋಟೆ
6 ನವೆಂಬರ್

ಅಪ್ಪಾ,

ಹಾಸ್ಟೆಲಿಗೆ ಬಂದು ಮುಟ್ಟಿದೆ. ಬಸ್ಸಿನ್ಯಾಗ ಹುನಗುಂದತನಕ ನಿಂತ ಬಂದೆ, ಆಮ್ಯಾಲ ಸೀಟ್ ಸಿಕ್ತು. ಮನ್ಯಾಗ ಆಡಲಾರದ ಮಾತು ಇಲ್ಲಿ ಬರೀತೇನಿ.

ಪಾಡ್ಯಾದ ಮುಂಜಾನಿ ಮನಿ ಮುಂದ ಕಲ್ಲು ಕೊಟ್ಟು ನಾವು ಗಾಡಿ ಚಾಲೂ ಮಾಡಿದ್ವಿ. ನೀವು ಒಳಗ, ನಾ ಕೆಳಗ ಗೋಣಿತಟ್ಟು ಹಾಸಿ ಮಲಗಿದ್ದೆ. ಉದ್ದನ ಸ್ಕ್ರೂಡ್ರೈವರಿನ ತುದಿ ಕೇಸಿಗೆ, ಹಿಡಿಕಿ ನನ್ನ ಕಿವಿಗೆ. ಗರಗರ, ಅದರೊಳಗ ನಮ್ಮ ಹಳೇ ಹುಂಯ್. ಗೇರ್‌ಬಾಕ್ಸಿಗೆ ಹಚ್ಚಿದ್ರ ಅಷ್ಟಿಲ್ಲ. ಸಿಕ್ತು ಅಂತ ನನಗ ಎಷ್ಟು ಖುಷಿ ಆತು ಅಂದ್ರ, "ಸಾಕು ಅಪ್ಪಾ, ಬಂದ್ ಮಾಡು" ಅಂತ ಒದರಿದೆ. ನೀವು ಬಂದ್ ಮಾಡಲಿಲ್ಲ. ಮತ್ತ ಒದರಿದೆ. ಹೊರಗ ಬಂದು ನಿಮ್ಮ ಬಾಗಿಲದಾಗ ನಿಂತು ಒದರಿದೆ. ನೀವು ಕಣ್ಣು ಮುಚ್ಚಿ, ಸಣ್ಣ ಲಿವರ್ ಮ್ಯಾಲ ಅಂಗೈ ಇಟ್ಕೊಂಡು ಕುಂತಿದ್ದಿರಿ. ನನ್ನ ನೆರಳು ಬಿದ್ದಾಗ ಕಣ್ಣ ತಗದು, "ಎಂಥಾ ಸದ್ದು ಐತಿ, ಹೇಳು" ಅಂದ್ರಿ.

ಆವಾಗ ತಿಳೀತು. ನೀವು ನನ್ನ ವೈವಾ ತಗೋತಿದ್ದಿಲ್ಲ.

ಪವರ್‌ಲೂಮ್ ಶೆಡ್ಡಿನ್ಯಾಗ ಅಷ್ಟು ವರ್ಷ ನಿಂತು ನಿಮ್ಮ ಕಿವಿ ಮಂದ ಆಗ್ಯಾವ. ಫೋನ್ ಅವ್ವನ ಕೈಗೆ ಕೊಡೂದು ಅದಕ್ಕ. ಪತ್ರ ಅಂದ್ರ ನಿಮಗ ಚಲೋ ಅನಸೂದೂ ಅದಕ್ಕ. ಕಿವಿ ಕೇಳಸೂದಿಲ್ಲ ಅನ್ನೂ ಮಾತು ಹೊರಗ ಬಿದ್ರ ಜೀಪಿನ ಕೀಲಿ ಕೈಬಿಡ್ತದ ಅಂತ ನೀವು ಹೆದರೀರಿ. ನಾ ಅವ್ವಗ ಹೇಳಿಲ್ಲ. ಸದ್ದು ಕೇಸಿನ್ಯಾಗ ಐತಿ, ಸಂಕ್ರಾಂತಿತನಕ ತಡೀರಿ ಅಂತ ಕಾಕಾನ ಕೂಡ ಜಗಳಾಡಿ ಬಂದೇನಿ. ಅಷ್ಟ.

ಆದ್ರ ಹೋದ ತಿಂಗಳ ಬಸ್ಸು ಹಿಂದಿಂದ ಹಾರ್ನ್ ಹೊಡೀತಿದ್ರೂ ನೀವು ಬಾಜೂಕ ಸರೀಲಿಲ್ಲಂತ. ಅವ್ವ ಅಳಕೋತ ಹೇಳಿದಳು. ಬಾಗಲಕೋಟೆ ದವಾಖಾನಿಗೆ ಬಂದು ಕಿವಿ ತೋರಸ್ರಿ. ಅಲ್ಲೀತನಕ ಒಬ್ಬರೇ ಗಾಡಿ ಹೊಡೀಬ್ಯಾಡ್ರಿ.

ಇನ್ನೊಂದು. ಮಶಿನ್ ಕಿವಿಗೆ ಬರೂತನಕ ಕೇಸ್ ಬಿಚ್ಚಬ್ಯಾಡ್ರಿ. ರಿಪೇರಿ ಆದ್ರ ಆ ಹುಂಯ್ ಹೋಗ್ತದ. ಹೋಗೂಕಿಂತ ಮೊದಲ ನೀವೂ ಒಮ್ಮೆ ಕೇಳಬೇಕು. ನಾ ಅದನ್ನ ಕೇಳಿ ದೊಡ್ಡಾಕಿ ಆಗೇನಿ.

ಪ್ರಿಯದರ್ಶಿನಿ


ಇಳಕಲ್
13 ನವೆಂಬರ್

ಪ್ರಿಯದರ್ಶಿನಿಗೆ,

ನಾ ಜೀಪಿನ ರೋಗ ಕೇಳಿದ್ದೆ, ನಂದಲ್ಲ.

ಕಿವ್ಯಾಗ ಯಂತ್ರ ಸಿಗಿಸಿಕೊಂಡು ನೇಕಾರರ ಮುಂದ ಹೆಂಗ ನಿಂದ್ರಲಿ? ನೀ ಓದು.

ಹುಚ್ಚಪ್ಪ


ಬಾಗಲಕೋಟೆ
1 ಡಿಸೆಂಬರ್

ಅಪ್ಪಾ,

ನಾ ಎರಡು ಐತವಾರ ಬರೀಲಿಲ್ಲ, ನೀ ಬರೀತಿ ಅಂತ ಹಾದಿ ನೋಡಿದೆ. ಐಶ್ವರ್ಯ ದಿನಾ ಕೇಳ್ತಾಳ, "ಪಾರಿವಾಳ ಬಂತೇನಲೇ?" ಇಲ್ಲ ಅಂತೇನಿ.

ನನ್ನ ಹಿಂದಿನ ಪತ್ರ ಸಿಟ್ಟಿಗೆ ಬರದದ್ದಲ್ಲ. ಯಾಕ ಬರದೆ ಅಂತ ಇವತ್ತ ಹೇಳ್ತೇನಿ. ಹೇಳಬಾರದು ಅಂತ ಐದನೇ ಕ್ಲಾಸಿನಿಂದ ಹೊಟ್ಟ್ಯಾಗ ಇಟ್ಕೊಂಡಿದ್ದೆ.

ರಜಾ ಮುಗಿಸಿ ನೀ ನನ್ನ ಸಾಲಿಗೆ ಬಿಟ್ಟು ಹೋಗ್ತಿದ್ದಿ. ಗೇಟಿನ್ಯಾಗ ಕರದಂಟಿನ ಪುಡಕಿ ಕೈಗೆ ಕೊಟ್ಟು, ತಲಿ ಮ್ಯಾಲ ಕೈ ಇಟ್ಟು, ಹೊಳ್ಳಿ ಜೀಪಿನ ಕಡೆ ನಡೀತಿದ್ದಿ. ನಾ ಚೀಲ ಒಗದು ಮ್ಯಾಲಿನ ಮಾಳಗಿಗೆ ಓಡ್ತಿದ್ದೆ. ಕಿಡಕಿ ಸರಳ ಹಿಡದು "ಅಪ್ಪಾ" ಅಂತ ಒದರ್ತಿದ್ದೆ. ನೀ ಜೀಪು ಹತ್ತೂತನಕ ಒದರ್ತಿದ್ದೆ. ಅಂಗಳದಾಗ ಆಡೂ ಹುಡುಗ್ಯಾರು ತಲಿ ಎತ್ತಿ ನೋಡ್ತಿದ್ರು, ಗೇಟಿನ ಕಾವಲುಗಾರ ಅಮಸಿದ್ದಪ್ಪ ಅಜ್ಜಾನೂ ನೋಡ್ತಿದ್ದ. ನೀ ಒಮ್ಮೆನೂ ಹೊಳ್ಳಿ ನೋಡಲಿಲ್ಲ. ಹುಡುಗ್ಯಾರು "ನಿಮ್ಮಪ್ಪಗ ನೀ ಬ್ಯಾಡಾಗಿ ಹಾಸ್ಟೆಲಿಗೆ ಹಾಕ್ಯಾನ" ಅಂತ ಕಾಡ್ತಿದ್ರು. ಏಳನೇ ಕ್ಲಾಸಿನ್ಯಾಗ ಒದರೂದು ಬಿಟ್ಟೆ. ಆಮ್ಯಾಲ ಮಾಳಗಿಗೆ ಹೋಗೂದೂ ಬಿಟ್ಟೆ. ಜೀಪಿನ ಸದ್ದು ದಿನ್ನಿ ಆಚೆ ಹೋಗೂತನಕ ಕೆಳಗ ಕುಂತ ಕೇಳ್ತಿದ್ದೆ.

ಪಾಡ್ಯಾದ ದಿನ ನಿನ್ನ ಬಾಗಿಲದಾಗ ನಿಂತು ಒದರಿದ್ನಲ್ಲ, ಆವಾಗ ಒಂದ ಕ್ಷಣ ನಾ ಮತ್ತ ಆ ಮಾಳಗ್ಯಾಗ ಇದ್ದೆ. ಮತ್ತ ತಿಳೀತು. ನೀ ಬೇಕಂತ ನೋಡಲಾರದ ಹೋಗಿದ್ದಲ್ಲ, ಕೇಳಿಸಲಾರದ ಹೋಗಿದ್ದು. ಅಪ್ಪನ ಕಿವಿ ಹೋಗ್ಯಾವ ಅಂತ ಗೊತ್ತಾದ್ರ ಮಗಳು ಅಳಬೇಕು. ಬಸ್ಸಿನ್ಯಾಗ ನಾ ನಗಾಕತ್ತಿದ್ದೆ. ಬಾಜೂಕ ಕುಂತ ಅಜ್ಜಿ "ಏನಾತವಾ?" ಅಂದಳು. ಏನಂತ ಹೇಳಲಿ?

ದವಾಖಾನಿಗೆ ಬರೂದು ಬಿಡೂದು ನಿನ್ನ ಇಚ್ಛಾ. ಜೀಪು ಹೋದ್ರ ಹೋಗ್ಲಿ. ಇನ್ನ ಕೇಳೂದಿಲ್ಲ.

ಸೆಕೆಂಡ್ ಇಂಟರ್ನಲ್ಸ್‌ದಾಗ ಹದಿನೇಳು ಬಂದಾವ.

ಪ್ರಿಯಾ


ಇಳಕಲ್
5 ಜನವರಿ 2025, ಐತವಾರ

ನನ್ನ ಕೂಸು ಪ್ರಿಯಾಗ,

ತಡಾ ಆತು. ಒಂದೊಂದ ಹೇಳ್ತೇನಿ.

ನಿನ್ನ ಪತ್ರ ಓದಿದ ಮರದಿನ ನಿಮ್ಮವ್ವಗ ಹೇಳಿದೆ, ಕಿವಿ ಸರಿ ಇಲ್ಲ ಅಂತ. ಆಕಿ ಅಕ್ಕಿ ಆರಸೂದು ಬಿಡಲಿಲ್ಲ. "ನಾ ಇಷ್ಟು ವರ್ಷ ಬೈದಿದ್ದಕ್ಕ ಒಂದಕ್ಕಾದ್ರೂ ಎದರ ಮಾತಾಡೀದಿ? ಹಂತಾ ಗಂಡ ಶರಣ ಇರಬೇಕು, ಇಲ್ಲಾ ಕಿವುಡ ಇರಬೇಕು. ನೀ ಶರಣ ಅಲ್ಲ ಅಂತ ನನಗ ಮೊದಲ ಗೊತ್ತಿತ್ತು" ಅಂದಳು. ಜೀಪು ಗುಜರಿಗೆ ಹಾಕಂತ ಗಂಟ ಬಿದ್ದದ್ದು ಸದ್ದಿಗಲ್ಲಂತ. ನಾ ಬಾಯಿ ಬಿಟ್ಟು ಹೇಳಲಿ ಅಂತಂತ.

ಇಬ್ಬರೂ ಬಾಗಲಕೋಟೆಗೆ ಬಂದಿದ್ವಿ, ನಿನಗ ಹೇಳಲಿಲ್ಲ. ನಿನಗ ಪರೀಕ್ಷಾ ಇತ್ತು. ಡಾಕ್ಟರ್ ಕಿವಿಗೆ ಮಶಿನ್ ಕೊಟ್ರು. ಒಂದು ವಾರ ಎಲ್ಲಾ ಕಿರಿಕಿರಿ. ಪಾತ್ರಿ ಇಟ್ರ ಸಿಡಲ ಬಡದಂಗ. ನಿಮ್ಮವ್ವನ ಕಾಲುಂಗುರ ಸದ್ದು ಮಾಡತಾವ ಅಂತ ಈಗ ಗೊತ್ತಾತು.

ಆಮ್ಯಾಲ ಜೀಪು ಚಾಲೂ ಮಾಡಿದೆ, ನಿಮ್ಮವ್ವ ಬಾಜೂಕ. ಹುನಗುಂದದ ದಿನ್ನಿ ಏರಸಿದೆ. ಥೂ, ಅದೇನ ಸದ್ದವಾ! ಹಂದಿ ಒದರಿದಂಗ. ಇದನ್ನ ನನ್ನ ಮಗಳು ರಾಗ ಅಂತಿದ್ದಳಾ ಅಂತ ನಗಿ ಬಂತು. ಗಾಡಿ ಬಾಜೂಕ ಹಾಕಿ ನಿಂತೆ. ಎಂಜಿನ್ ಬಂದ್ ಮಾಡಲಿಲ್ಲ. ಸಣ್ಣ ಲಿವರ್ ನ್ಯೂಟ್ರಲ್ ಮಾಡಿ ಗೇರ್ ಹಾಕಿ ಕುಂತು ಕೇಳಿದೆ. ಭಾಳ ಹೊತ್ತು ಕೇಳಿದೆ. ನಿಮ್ಮವ್ವ "ಸಾಕ ನಡೀ" ಅಂದಳು. ಕೇಳಿಸಿತು, ಆದ್ರೂ ಕೇಳಿಸಲಾರದಂಗ ಕುಂತೆ.

ಅಲ್ಲಿಂದ ನೆಟ್ಟಗ ಅಬ್ದುಲಸಾಬನ ಗ್ಯಾರೇಜ್. "ನನ್ನ ಮಗಳು ಸಹಿ ಮಾಡ್ಯಾಳ, ಬರೇ ಟ್ರಾನ್ಸ್‌ಫರ್ ಕೇಸ್ ಬಿಚ್ಚು" ಅಂದೆ. ಬುಡದ ಬೋಲ್ಟ್ ತಗದ ಕೂಡಲೆ ಎಣ್ಣಿ ನೀರಿನಂಗ ಸುರೀತು. ಬೆರಳಿಗೆ ಹಚ್ಚಿ ಮೂಸಿ ನೋಡಿದೆ. ಮಗ್ಗದ ಎಣ್ಣಿ! ಗೇರಿಗೆ ಜೇನತುಪ್ಪದಂಥಾ ದಪ್ಪ ಎಣ್ಣಿ ಬೇಕು. ರಾಜೇಶ ಯುಗಾದಿಗೆ ಶೆಡ್ಡಿನ ಬಾಗಿಲದಾಗಿನ ಡಬ್ಬಿ ಎತ್ತಿ ತುಂಬಿದ್ದ. ಕೇಳಿದ್ರ, "ಮಗ್ಗ ಅಷ್ಟು ಚಲೋ ಓಡತಾವ, ಜೀಪು ಓಡಲಿಕ್ಕೆ ಏನು ಧಾಡಿ?" ಅಂದ. ಅಬ್ದುಲಸಾಬ ಬಿದ್ದು ಬಿದ್ದು ನಕ್ಕ. "ಹಂಗಾರ ಸೀರಿ ಎಷ್ಟು ನೇಯ್ದೈತಿ ನೋಡ್ರಿ ಒಳಗ" ಅಂದ.

ನೀ ಹೇಳಿದ ನಡಕಿನ ಗೇರ್ ತಗದ್ವಿ. ಅದರ ಶಾಫ್ಟಿನ ಮ್ಯಾಲ ಉಗುರ ಹತ್ತೂವಂಗ ಗೆರಿ ಬಿದ್ದಿದ್ವು, ಸೂಜಿ ಬೇರಿಂಗ್ ಸವದು ಉದುರಿದ್ವು. ಹಳೇ ಸವತ ಮೊದಲಿಂದ ಇತ್ತಂತ, ನಿನ್ನ ಹುಂಯ್ ಅದು. ಮಗ್ಗದ ಎಣ್ಣಿ ಅದನ್ನ ಗರಗರ ಮಾಡಿತ್ತು. ಹೊಸ ಶಾಫ್ಟ್, ಹೊಸ ಬೇರಿಂಗ್ ಬಂದ್ವು. ಆದ್ರ ಆ ಸೂಜಿ ಒಂದೊಂದ ಗ್ರೀಸಿನ್ಯಾಗ ಸಾಲಾಗಿ ನಿಲ್ಲಸಬೇಕು. ಅಬ್ದುಲಸಾಬನ ಬೆರಳು ಬಾಳಿಹಣ್ಣಿನಂಗ ದಪ್ಪ, ಒಂದು ಇಟ್ರ ಎರಡು ಬೀಳ್ತಿದ್ವು. ನನ್ನ ಕೈಯಾಗೂ ಅದ ಗತಿ. ಹೊರಗ ಕುಂತ ನಿಮ್ಮವ್ವ ನೋಡೂತನಕ ನೋಡಿದಳು, ಸೆರಗು ಸೊಂಟಕ್ಕ ಸಿಗಿಸಿ ಎದ್ದು ಬಂದಳು. "ಸರೀರಿ ಇಬ್ಬರೂ." ತೋಪ ತೆನಿ ಕೂಡಸೂ ಬೆರಳು ಅವು. ಒಂದೂ ಬೀಳಲಾರದಂಗ ನಿಲ್ಲಿಸಿದಳು. ಗುಜರಿಗೆ ಹಾಕ್ರಿ ಅಂದಾಕಿನ ಜೀಪು ಕೂಡಿಸಿದಳು.

ಈಗ ಸದ್ದಿಲ್ಲ. ಸಣ್ಣಗ ಗುನುಗ್ತದ, ಅಷ್ಟ. ಅಂಗೈ ಇಟ್ರ ಮಲಗಿದ ಕೂಸಿನ ಎದಿ ಮುಟ್ಟಿದಂಗ ಐತಿ. ದೊಡ್ಡ ಕನ್ನಡಿ ಎರಡೂ ಬಾಜೂಕ ಹಾಕ್ಸೇನಿ. ಡಾಕ್ಟರ್ ಗಾಡಿ ಹೊಡೀಬಹುದು ಅಂದಾರ. ರಾಜೇಶ ಗುಜರಿ ಮಾತು ಬಿಟ್ಟಾನ, ಎಣ್ಣಿ ಮಾತು ತಗದ್ರ ಮನಿ ಬಿಟ್ಟ ಹೋಗ್ತಾನ.

ಸಂಕ್ರಾಂತಿಗೆ ನಿನ್ನ ಕರಿಯಾಕ ಬರ್ತೇನಿ. ಮೊದಲಿನಂಗ ದೂರಿಂದ ನಿನಗ ಗೊತ್ತಾಗೂದಿಲ್ಲ. ಗೇಟಿನ ಕಡೆ ನೋಡಕೋತ ನಿಂದ್ರು.

ಹಬ್ಬ ಮುಗಿಸಿ ನಿನ್ನ ಹಾಸ್ಟೆಲಿಗೆ ಬಿಟ್ಟು, ತಲಿ ಮ್ಯಾಲ ಕೈ ಇಟ್ಟು, ನಾ ಜೀಪಿನ ಕಡೆ ನಡೀತೇನಿ. ಲಗೂ ಲಗೂ ನಡಿಯೂದಿಲ್ಲ. ನೀ ದೊಡ್ಡಾಕಿ ಆಗೀದಿ, ನಾಚಿಕಿ ಬರತೈತಿ ಅಂತ ಗೊತ್ತು. ಆದ್ರೂ ಮ್ಯಾಲಿನ ಮಾಳಗಿಗೆ ಓಡು. ಕಿಡಕ್ಯಾಗ ನಿಂತು ಒಮ್ಮೆ ಒದರು.

ಹೊಳ್ಳಿ ನೋಡ್ತೇನಿ.

ನಿನ್ನ ಅಪ್ಪ